ಜಲವರ್ಣದಲ್ಲಿ ತಪ್ಪಾದರೆ ತಿದ್ದಬಹುದೇ?

ಪ್ರಶ್ನೆ: ನಡುಮನೆಯ ಗೋಡೆಗೆ ದೊಡ್ಡದೊಂದು ದಾಸವಾಳದ ಚಿತ್ರ ಬರೆಯುವ ಆಸೆ. ಆದರೆ ಜಲವರ್ಣದಲ್ಲಿ ಒಮ್ಮೆ ತಪ್ಪಿದರೆ ತಿದ್ದಲಾಗದಂತೆ. ತೈಲವರ್ಣವನ್ನೇ ಹಿಡಿಯಲೇ?

ಉತ್ತರ: ತಿದ್ದಬಹುದು. ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಆದರೂ ಈ ಮಾತಿಗೆ ಹೆದರಿ ಕುಂಚ ಕೆಳಗಿಟ್ಟವರನ್ನು ಕಂಡಿದ್ದೇನೆ, ಆದ್ದರಿಂದ ಮತ್ತೆ ಹೇಳುತ್ತೇನೆ.

ಜಲವರ್ಣದಲ್ಲಿ ಬಣ್ಣದ ಪುಡಿಯನ್ನು ಹಿಡಿದಿಡುವುದು ಅಕೇಶಿಯ ಮರದ ಗೋಂದು. ಒಣಗಿದ ಮೇಲೂ ನೀರು ಸೋಕಿದರೆ ಅದು ಕರಗುತ್ತದೆ. ತಪ್ಪಿದ ಎಸಳಿನ ಮೇಲೆ ಒದ್ದೆ ಕುಂಚವನ್ನು ಮೆಲ್ಲಗೆ ಆಡಿಸಿ, ಹತ್ತಿಬಟ್ಟೆ ಒತ್ತಿ ತೆಗೆಯಿರಿ. ಬಣ್ಣ ಬಟ್ಟೆಗೆ ಬರುತ್ತದೆ. ಅಲ್ಟ್ರಾಮರೀನ್, ಕೋಬಾಲ್ಟ್ ನೀಲಿಗಳು ಸಲೀಸಾಗಿ ಏಳುತ್ತವೆ. ಥ್ಯಾಲೋ ನೀಲಿ ಮತ್ತು ಹಸಿರು ಕಾಗದದ ನಾರಿಗೇ ಕಚ್ಚಿಕೊಳ್ಳುತ್ತವೆ. ಅವನ್ನು ಎಲೆಗಳಿಗೆ, ಕೈ ಪಳಗಿದ ಮೇಲೆ ಬಳಸಿ. ಹಾಗಾದರೆ ‘ತಿದ್ದಲಾಗದು’ ಎಂಬ ಮಾತು ಹುಟ್ಟಿದ್ದೆಲ್ಲಿ? ಡ್ರಾಯಿಂಗ್ ಪುಸ್ತಕದ ತೆಳು ಹಾಳೆಯಲ್ಲಿ. ಅದನ್ನು ಎರಡು ಸಲ ಉಜ್ಜಿದರೆ ಮೈ ಸುಲಿದು ಬರುತ್ತದೆ. ಶಾಲೆಯಲ್ಲಿ ಆ ಹಾಳೆ ಹರಿದವರು ಜೀವನಪೂರ್ತಿ ಬಣ್ಣವನ್ನು ದೂರುತ್ತಾರೆ. ಪೂರ್ತಿ ಹತ್ತಿಯ ಕಾಗದ ಒಂದೇ ಒಂದು ಹಾಳೆ ಕೊಂಡು ಪರೀಕ್ಷಿಸಿ ನೋಡಿ, ಆಮೇಲೆ ಮಾತನಾಡೋಣ.

ತೈಲವಿಲ್ಲದೆ ಗಾಂಭೀರ್ಯ ಬಾರದು ಎನ್ನುವವರು ನಮ್ಮ ಜಗನ್ಮೋಹನ ಅರಮನೆಯಲ್ಲಿರುವ ‘ಗ್ಲೋ ಆಫ್ ಹೋಪ್’ ಚಿತ್ರದ ಕಥೆ ತಿಳಿಯಬೇಕು. ದೀಪಕ್ಕೆ ಕೈ ಅಡ್ಡ ಹಿಡಿದ ಹೆಂಗಸು, ಬೆರಳ ಸಂದಿಯಲ್ಲಿ ಕೆಂಪಾದ ಬೆಳಕು. ಅದು ಜಲವರ್ಣ. ಬರೆದವರು ಎಸ್.ಎಲ್. ಹಲ್ದಂಕರ್, ರವಿವರ್ಮನದೆಂದು ಎಷ್ಟೋ ಜನ ಇಂದಿಗೂ ನಂಬಿದ್ದಾರೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಆ ಚಿತ್ರ ಹುಟ್ಟಿದ್ದು 1940ರ ದಶಕದಲ್ಲಿ.

ಇನ್ನು ಗಾತ್ರ. ಪೂರ್ತಿ ಹಾಳೆ 22×30 ಅಂಗುಲ. ಅದಕ್ಕಿಂತ ದೊಡ್ಡದು ಬೇಕಾದರೆ ರೋಲ್ ಸಿಗುತ್ತದೆ. ಚದರ ಮೀಟರಿಗೆ 300 ಗ್ರಾಂ ತೂಗುವ, ಅಂದರೆ 300 ಜಿಎಸ್‌ಎಂ ಕಾಗದವನ್ನು ನೆನೆಸಿ, ಪ್ಲೈವುಡ್ ಹಲಗೆಗೆ ಗೋಂದಿನ ಟೇಪಿನಿಂದ ಅಂಟಿಸಿ ಒಣಗಿಸಿದರೆ ಬಿಗಿಯಾಗಿ ನಿಲ್ಲುತ್ತದೆ. ಬಣ್ಣವನ್ನು ಬಟ್ಟಲು ತುಂಬ ಮೊದಲೇ ಕಲಸಿಡಿ; ನಡುವೆ ತೀರಿದರೆ ಅದೇ ಛಾಯೆ ಮತ್ತೆ ಸಿಗುವುದು ಕಷ್ಟ. ಒಂದು ಸಲಕ್ಕೆ ಒಂದೇ ಎಸಳನ್ನು ನೆನೆಸಿ, ಪಕ್ಕದ್ದು ಒಣಗಿರಲಿ. ಮೈಸೂರಿನ ಏಪ್ರಿಲ್ ಬಿಸಿಲಿನಲ್ಲಿ ಫ್ಯಾನ್ ಆರಿಸಿಯೇ ಕೂರಬೇಕು, ಇಲ್ಲದಿದ್ದರೆ ಎಸಳು ಬೇಗ ಒಣಗಿಬಿಡುತ್ತದೆ. ಕೆಂಪಿಗೆ ಅಲಿಜರಿನ್ ಬೇಡ, ಬೆಳಕಿಗೆ ಮಾಸುತ್ತದೆ. ಕ್ವಿನಾಕ್ರಿಡೋನ್ ಕೆಂಪು ಬಾಳುತ್ತದೆ.

ಚಿತ್ರಕ್ಕೆ ಇಡುವ ಹೆಸರಿನ ವಿಷಯ ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಹಲ್ದಂಕರ್ ಚಿತ್ರಕ್ಕೆ ‘ಗ್ಲೋ ಆಫ್ ಹೋಪ್’ ಎಂಬ ಹೆಸರಿದ್ದರೂ ನೋಡಿದವರು ‘ದೀಪ ಹಿಡಿದ ಹೆಂಗಸು’ ಎಂದೇ ಕರೆಯುತ್ತಾರೆ. ಕಣ್ಣಿಗೆ ಕಂಡದ್ದೇ ನಾಲಿಗೆಗೆ ಬರುತ್ತದೆ. ‘ಸೌಂದರ್ಯ’, ‘ಪ್ರಕೃತಿ’ ಎಂದಿಟ್ಟರೆ ಯಾರಿಗೂ ನೆನಪಿರುವುದಿಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳು ಮೂರಡಿಯ ದಾಸವಾಳಕ್ಕೆ ‘ಸೊಬಗು’ ಎಂದು ಬರೆದು ತಂದಳು. ಈ ಹೂವನ್ನು ಎಲ್ಲಿ ನೋಡಿದೆ ಎಂದು ಕೇಳಿದೆ. ಹಿತ್ತಲಿನ ಗಿಡದ ತುದಿಯಲ್ಲಿ, ಅಜ್ಜಿ ಪೂಜೆಗೆ ಎಲ್ಲ ಹೂ ಕೊಯ್ದ ಮೇಲೆ ಉಳಿದದ್ದು ಎಂದಳು. ಮರುದಿನ ಹಾಳೆಯ ಹಿಂದೆ ಪೆನ್ಸಿಲ್ಲಿನಲ್ಲಿ ಹೊಸ ಹೆಸರಿತ್ತು: ‘ಅಜ್ಜಿಯ ಕೈಗೆ ಎಟುಕದ್ದು’.