ಮಂಡಿ ಮೊಹಲ್ಲಾದ ಹೆರಿಗೆ ವಾರ್ಡಿನ ಹಳೇ ದಾಖಲೆಗಳು

ಬಸುರಿ ಜಾಸ್ತಿ ಉಂಡರೆ ಮಗು ದಪ್ಪ ಆಗುತ್ತದೆ, ಹೆರಿಗೆ ಕಷ್ಟ ಆಗುತ್ತದೆ. ಎಷ್ಟೋ ಮನೆಗಳಲ್ಲಿ ಈ ಮಾತು ಇಂದಿಗೂ ಇದೆ. ಹೇಳುವ ಅಜ್ಜಿಯರದು ಕೆಟ್ಟ ಮನಸ್ಸೇನಲ್ಲ. ಆಸ್ಪತ್ರೆ ದೂರ ಇದ್ದ ಕಾಲದಲ್ಲಿ ಹೆರಿಗೆ ಅಂದರೆ ಜೀವಭಯ. ಮಗು ಪುಟ್ಟದಿದ್ದು ಸುಲಭವಾಗಿ ಹುಟ್ಟಿದರೆ ಸಾಕು ಅನ್ನಿಸಿದ್ದು ಸಹಜ ಅಲ್ವಾ? ಆದರೆ ಆ ಪುಟ್ಟ ಮಗುವಿಗೆ ಐವತ್ತು ವರ್ಷ ಆದಾಗ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರ ಕೊಟ್ಟ ಊರುಗಳಲ್ಲಿ ನಮ್ಮ ಮೈಸೂರೂ ಒಂದು.

ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಮೈಸೂರಿನವರು ಮಿಷನ್ ಆಸ್ಪತ್ರೆ ಅಂತಲೇ ಕರೆಯುತ್ತಾರೆ. ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು 1934ರಿಂದಲೂ ಬರೆದಿಟ್ಟಿದ್ದರು. ಬರೆದವರಿಗೆ ಅದು ದಿನದ ಕೆಲಸ, ಅಷ್ಟೆ.

ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್‌ನಲ್ಲೂ ಇಂಥದ್ದೇ ಪುಸ್ತಕಗಳಿದ್ದವು. 1911ರಿಂದ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಅವರ ದಾದಿಯರು ಬಾಣಂತಿಯರ ಮನೆಗೆ ಹೋಗಿ ಮಗುವನ್ನು ತೂಗುತ್ತಿದ್ದರು, ತಾಯಿಗೆ ಸಲಹೆ ಕೊಡುತ್ತಿದ್ದರು, ಎದೆಹಾಲು ಕುಡಿಸುತ್ತಿದ್ದಾರಾ ಅಂತ ಬರೆದುಕೊಳ್ಳುತ್ತಿದ್ದರು. ಡೇವಿಡ್ ಬಾರ್ಕರ್ ಎಂಬ ವೈದ್ಯರು ಆ ಪುಸ್ತಕಗಳನ್ನು ಹಿಡಿದು, 1911ರಿಂದ 1930ರ ನಡುವೆ ಹುಟ್ಟಿದ 5,654 ಗಂಡಸರ ಹಿಂದೆ ಹೋದರು. ಒಂದು ವರ್ಷದ ಮಗುವಾಗಿದ್ದಾಗ ತೂಕ ಕಡಿಮೆ ಇದ್ದವರೇ ಹೃದಯದ ಕಾಯಿಲೆಯಿಂದ ಜಾಸ್ತಿ ಸತ್ತಿದ್ದರು. 1989ರಲ್ಲಿ ಇದು ಪ್ರಕಟವಾದಾಗ ನಂಬದವರೇ ಬಹಳ.

ಬೇರೆ ಊರಿನಲ್ಲೂ ಇದು ನಿಜವೇ ಅಂತ ನೋಡಬೇಕಿತ್ತು. ಆಗ ಮೈಸೂರಿನ ದಾಖಲೆಗಳು ಹೊರಬಂದವು. ಆಸ್ಪತ್ರೆಯ ಸುತ್ತಮುತ್ತ ಮನೆ ಮನೆಗೆ ಹೋಗಿ, ಅಲ್ಲೇ ಹುಟ್ಟಿ ನಡುವಯಸ್ಸು ತಲುಪಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷೆ ಮಾಡಿದರು. 1996ರಲ್ಲಿ ಫಲಿತಾಂಶ ಬಂತು. ಹುಟ್ಟುವಾಗ ಐದೂವರೆ ಪೌಂಡ್, ಅಂದರೆ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 11 ಜನಕ್ಕೆ ಹೃದಯದ ಕಾಯಿಲೆ. ಏಳು ಪೌಂಡ್ ಮತ್ತು ಅದಕ್ಕಿಂತ ಜಾಸ್ತಿ ಇದ್ದವರಲ್ಲಿ ಶೇ. 3.

ಯಾಕೆ ಹೀಗೆ? ಹೊಟ್ಟೆಯೊಳಗೆ ಆಹಾರ ಸಾಲದಿದ್ದರೆ ಮಗುವಿನ ದೇಹ ಮೊದಲು ಮಿದುಳನ್ನು ಉಳಿಸಿಕೊಳ್ಳುತ್ತದೆ. ಮೂತ್ರಪಿಂಡ, ಮೇದೋಜೀರಕ ಗ್ರಂಥಿ, ಮಾಂಸಖಂಡಗಳ ಪಾಲಿಗೆ ಉಳಿದದ್ದು ಮಾತ್ರ. ಮೂತ್ರಪಿಂಡದ ಸೋಸುಗಗಳ ಸಂಖ್ಯೆ ಹುಟ್ಟುವ ಹೊತ್ತಿಗೇ ನಿಂತುಬಿಡುತ್ತದೆ, ಆಮೇಲೆ ಹೊಸದು ಬೆಳೆಯುವುದಿಲ್ಲ. ಹಾಗಂತ ಕಡಿಮೆ ತೂಕದಲ್ಲಿ ಹುಟ್ಟಿದ್ದೇ ಹಣೆಬರಹ ಅಂದುಕೊಳ್ಳಬೇಡಿ. ಆಮೇಲಿನ ಊಟ, ಓಡಾಟ, ಬೀಡಿ-ಸಿಗರೇಟು ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಸಕ್ಕರೆ ಕಾಯಿಲೆಯ ವಿಷಯದಲ್ಲಿ ಮಾತ್ರ ಮೈಸೂರು ಎಲ್ಲರನ್ನೂ ಚಕಿತಗೊಳಿಸಿತು. ಉದ್ದ ಕಡಿಮೆ ಇದ್ದು ಗುಂಡಗೆ ಹುಟ್ಟಿದವರಲ್ಲಿ, ತಾಯಿಯ ತೂಕ ಜಾಸ್ತಿ ಇದ್ದವರಲ್ಲಿ ಅದು ಹೆಚ್ಚು ಕಂಡಿತು. ಹಾಗಾದರೆ ತಾಯಿಗೇ ಬಸಿರಿನಲ್ಲಿ ಸಕ್ಕರೆ ಏರಿತ್ತಾ? ಇದನ್ನು ನೋಡಲು 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ 830 ಬಸುರಿಯರನ್ನು ಸೇರಿಸಿಕೊಂಡು ಪಾರ್ಥೆನಾನ್ ಅಧ್ಯಯನ ಶುರುವಾಯಿತು. ಬಸಿರಿನಲ್ಲಿ ಸಕ್ಕರೆ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೇ ವಯಸ್ಸಿಗೇ ಕೊಬ್ಬು, ಇನ್ಸುಲಿನ್ ಎರಡೂ ಜಾಸ್ತಿ ಇದ್ದವು. ನನಗೆ ತುಂಬಾ ನೋವು ಕೊಟ್ಟ ಅಂಕಿ ಇನ್ನೊಂದು: ಶೇ. 43 ತಾಯಂದಿರಲ್ಲಿ ಬಿ12 ವಿಟಮಿನ್ ಕೊರತೆ. ಹಾಲು, ಮೊಸರು, ಮೊಟ್ಟೆಯಲ್ಲಿ ಸಿಗುವಂಥದ್ದು. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಹೆಂಗಸಿನ ತಟ್ಟೆಗೆ ಇವು ಎಷ್ಟು ಬಂದಾವು?

ಮೈಸೂರಿನಿಂದ ಸ್ವಲ್ಪ ದೂರದ ತಿ. ನರಸೀಪುರಕ್ಕೆ ಬರೋಣ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಐಸಿಡಿಎಸ್, ಅಂದರೆ ಅಂಗನವಾಡಿ ಯೋಜನೆ, ಆರಂಭವಾದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ಈ ತಾಲ್ಲೂಕು. ಇದರ ಫಲ ಏನು ಅನ್ನುವುದಕ್ಕೆ ಹೈದರಾಬಾದ್ ಬಳಿಯ 29 ಹಳ್ಳಿಗಳ ಅಧ್ಯಯನ ಇದೆ. 1987ರಿಂದ 1990ರ ಹೊತ್ತಿಗೆ ಇವುಗಳಲ್ಲಿ 15 ಹಳ್ಳಿಗಳ ಬಸುರಿಯರಿಗೂ ಪುಟ್ಟ ಮಕ್ಕಳಿಗೂ ಅಂಗನವಾಡಿಯ ಆಹಾರ ಸಿಕ್ಕಿತ್ತು. ಆ ಮಕ್ಕಳು 13ರಿಂದ 18 ವರ್ಷದವರಾದಾಗ ಉಳಿದ ಹಳ್ಳಿಗಳ ಮಕ್ಕಳಿಗಿಂತ ಸರಾಸರಿ 14 ಮಿಲಿಮೀಟರ್ ಎತ್ತರ ಇದ್ದರು. ಅವರ ರಕ್ತನಾಳಗಳೂ ಅಷ್ಟು ಪೆಡಸಾಗಿರಲಿಲ್ಲ.

ಆದರೆ ಆಹಾರ ಕೊಟ್ಟು ಸುಮ್ನೆ ಕಳಿಸಿದರೆ ಸಾಲದು. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1986-87ರಲ್ಲಿ ಬೆಳವಣಿಗೆ ಕುಂಠಿತವಾದ 129 ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ವಾರಕ್ಕೊಂದು ಕಿಲೋ ಹಾಲಿನ ಪುಡಿ. ಕೆಲವರ ಮನೆಗೆ ವಾರಕ್ಕೆ ಒಂದು ಗಂಟೆ ಆರೋಗ್ಯ ಕಾರ್ಯಕರ್ತೆ ಬಂದು, ಮಗುವಿನ ಜೊತೆ ಹೇಗೆ ಮಾತಾಡಬೇಕು, ಹೇಗೆ ಆಡಿಸಬೇಕು ಅಂತ ತಾಯಿಗೆ ತೋರಿಸುತ್ತಿದ್ದರು. ಆಟಿಕೆಗಳು ಮನೆಯ ಖಾಲಿ ಡಬ್ಬಿಯಂಥವು. ಎರಡು ವರ್ಷ ನಡೆದದ್ದು ಇಷ್ಟೇ. ಇಪ್ಪತ್ತು ವರ್ಷದ ನಂತರ, ಹೀಗೆ ಆಡಿಸಿಕೊಂಡು ಬೆಳೆದವರ ಗಳಿಕೆ ಶೇ. 25ರಷ್ಟು ಜಾಸ್ತಿ ಇತ್ತು. ಬರೀ ಹಾಲಿನ ಪುಡಿ ಪಡೆದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ತಾಯಂದಿರಿಗೆ ಆರೋಗ್ಯ ಮತ್ತು ಪೌಷ್ಟಿಕತೆಯ ತಿಳಿವಳಿಕೆ ಕೊಡುವುದೂ ಮೊದಲಿನಿಂದ ಅಂಗನವಾಡಿಯ ಕೆಲಸವೇ. ಆದರೆ ಮೊಟ್ಟೆ ಎಷ್ಟು ಹಂಚಿದಿರಿ ಅಂತ ಲೆಕ್ಕ ಕೇಳುತ್ತಾರೆ, ತಾಯಿಯ ಜೊತೆ ಎಷ್ಟು ಹೊತ್ತು ಕೂತು ಮಾತಾಡಿದಿರಿ ಅಂತ ಯಾರೂ ಕೇಳುವುದಿಲ್ಲ. ಕಾರ್ಯಕರ್ತೆಯ ಕೈಗೆ ಇಷ್ಟೊಂದು ನೋಂದಣಿ ಪುಸ್ತಕ ಕೊಟ್ಟಮೇಲೆ ಆಕೆಗೆ ಆ ಹೊತ್ತಾದರೂ ಎಲ್ಲಿಂದ ಬರಬೇಕು? 2017ರಲ್ಲಿ ಬಂದ ಮಾತೃಪೂರ್ಣ ಯೋಜನೆ ಒಂದು ದಾರಿ ತೆರೆಯಿತು ಅನ್ನಿಸುತ್ತದೆ. ಮನೆಗೆ ಕೊಟ್ಟ ದಿನಸಿ ಮನೆಮಂದಿಗೆಲ್ಲ ಹಂಚಿಹೋಗುತ್ತದೆ ಅಂತ, ಬಸುರಿ ಮತ್ತು ಬಾಣಂತಿಯರು ಅಂಗನವಾಡಿಗೇ ಬಂದು ಬಿಸಿಯೂಟ ಮಾಡಲಿ ಅಂದರು. ಊಟಕ್ಕೆ ಕೂತಾಗ ನಾಲ್ಕು ಮಾತು ಆಡಬಹುದಲ್ಲ.

1997-98ರಲ್ಲಿ ಮಿಷನ್ ಆಸ್ಪತ್ರೆಯ ಆ ಬಸುರಿಯರ ಹೊಟ್ಟೆಯಲ್ಲಿದ್ದ ಮಕ್ಕಳಿಗೆ ಈಗ ಮೂವತ್ತು ಹತ್ತಿರವಾಗುತ್ತಿದೆ. ತಾವೇ ಅಪ್ಪ ಅಮ್ಮ ಆಗುವ ವಯಸ್ಸು.