ಗಾಯಕ್ಕೆ ಪ್ರೊಬಯಾಟಿಕ್ ಹಚ್ಚಬಹುದೇ, ಆ್ಯಂಟಿಬಯಾಟಿಕ್ ಮುಲಾಮೇ ಬೇಕೇ?

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಹಳ್ಳಿ. ಜೋಳ ಕೊಯ್ಯುವಾಗ ಕುಡುಗೋಲು ತಾಗಿ ಅವ್ವನ ಪಾದಕ್ಕೆ ಗಾಯವಾಗಿದೆ. ಅವರಿಗೆ ಸಕ್ಕರೆ ಕಾಯಿಲೆಯೂ ಇದೆ. ಆ್ಯಂಟಿಬಯಾಟಿಕ್ ಮುಲಾಮಿಗಿಂತ ಪ್ರೊಬಯಾಟಿಕ್ (ಉಪಕಾರಿ ಸೂಕ್ಷ್ಮಜೀವಿಗಳು) ಹಚ್ಚಿದರೆ ಗಾಯ ಬೇಗ ಮಾಯುತ್ತದೆ ಎಂದು ಓದಿದೆ. ಹಾಗಾದರೆ ಮನೆಯ ಮೊಸರನ್ನೇ ಹಚ್ಚಬಹುದೇ?

ಉತ್ತರ: ಮೊಸರಿನ ಮಾತನ್ನು ಮೊದಲು ಮುಗಿಸಿಬಿಡೋಣ. ತೆರೆದ ಗಾಯಕ್ಕೆ ಅದನ್ನು ಹಚ್ಚಬಾರದು. ಮನೆಯ ಹೆಪ್ಪಿನಲ್ಲಿ ಲ್ಯಾಕ್ಟೊಬ್ಯಾಸಿಲಸ್‌ನಂತಹ ಉಪಕಾರಿ ಸೂಕ್ಷ್ಮಜೀವಿಗಳು ಇರುವುದು ನಿಜವೇ ಆದರೂ, ಅವುಗಳ ಜೊತೆಗೆ ಯಾವ ಯೀಸ್ಟು, ಯಾವ ಬೇರೆ ಬ್ಯಾಕ್ಟೀರಿಯಾ ಬೆಳೆದಿವೆ ಎಂಬುದನ್ನು ಗಡಿಗೆ ನೋಡಿ ಹೇಳಲಾಗದು. ಸಂಶೋಧಕರು ಬಳಸುವುದು ಗುರುತು ಹಿಡಿದು, ಶುದ್ಧವಾಗಿ ಬೆಳೆಸಿ, ಪ್ರಮಾಣ ಅಳೆದ ತಳಿಯನ್ನು.

ಆ್ಯಂಟಿಬಯಾಟಿಕ್ ಮುಲಾಮು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಇಲ್ಲವೇ ಬೆಳೆಯದಂತೆ ತಡೆಯುತ್ತದೆ. ಪ್ರೊಬಯಾಟಿಕ್‌ನ ದಾರಿ ಬೇರೆ. ಅದು ಲ್ಯಾಕ್ಟಿಕ್ ಆಮ್ಲವನ್ನು ಬಿಟ್ಟು ಗಾಯದ ಮೇಲ್ಮೈಯನ್ನು ಹುಳಿಯಾಗಿಸುತ್ತದೆ. ಆರೋಗ್ಯವಂತ ಚರ್ಮ ಸಹಜವಾಗಿಯೇ ಸ್ವಲ್ಪ ಆಮ್ಲೀಯ, ಬಹುದಿನ ಮಾಯದ ಗಾಯವಾದರೋ ಕ್ಷಾರದ ಕಡೆಗೆ ವಾಲಿರುತ್ತದೆ. ಕೀವು ತರಿಸುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಮತ್ತು ಸ್ಯೂಡೊಮೊನಾಸ್‌ಗಳು ಬಯೋಫಿಲ್ಮ್ ಎಂಬ ಲೋಳೆಯ ಪದರ ಕಟ್ಟಿಕೊಂಡು ಅದರ ಮರೆಯಲ್ಲಿ ಕುಳಿತರೆ ಔಷಧಕ್ಕೆ ಸುಲಭವಾಗಿ ಬಗ್ಗುವುದಿಲ್ಲ, ಆ ಪದರವನ್ನೇ ಕಟ್ಟಗೊಡದಂತೆ ಕೆಲವು ಲ್ಯಾಕ್ಟೊಬ್ಯಾಸಿಲಸ್ ತಳಿಗಳು ತಡೆಯುವುದನ್ನು ಪ್ರಯೋಗಾಲಯಗಳಲ್ಲಿ ಕಾಣಲಾಗಿದೆ. ಒಂದು ಜೀವಿಯ ಅಸ್ತ್ರವನ್ನು ಇನ್ನೊಂದರ ಮೇಲೆ ಬಿಡುವ ಉಪಾಯ ತೀರ ಹೊಸದೂ ಅಲ್ಲ: ಔಷಧಿ ಅಂಗಡಿಯಲ್ಲಿ ಸಿಗುವ ಮುಪಿರೊಸಿನ್ ಎಂಬ ಆ್ಯಂಟಿಬಯಾಟಿಕ್ ಮುಲಾಮಿನ ಔಷಧವೇ ಸ್ಯೂಡೊಮೊನಾಸ್ ಫ್ಲೋರೆಸೆನ್ಸ್ ಎಂಬ ಬ್ಯಾಕ್ಟೀರಿಯಾದಿಂದ ದೊರೆತದ್ದು.

ಮನುಷ್ಯರಲ್ಲಿ ಏನಾಗಿದೆ ಎಂದು ನೋಡಿದರೆ ಉತ್ಸಾಹ ತುಸು ತಗ್ಗುತ್ತದೆ. ಅರ್ಜೆಂಟೀನಾದ ವೈದ್ಯರು ಸುಟ್ಟ ಗಾಯಗಳಿಗೆ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟೇರಮ್ ಹಚ್ಚಿ, ಅದನ್ನು ಸುಟ್ಟ ಗಾಯಕ್ಕೆ ವಾಡಿಕೆಯಾಗಿ ಹಚ್ಚುವ ಸಿಲ್ವರ್ ಸಲ್ಫಾಡಯಜಿನ್ ಮುಲಾಮಿಗೆ ಹೋಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡರ ಫಲವೂ ಹೆಚ್ಚುಕಡಿಮೆ ಸಮವಾಗಿತ್ತು. 2018ರಲ್ಲಿ ಸ್ವೀಡನ್ನಿನ ಸಂಶೋಧಕರು, ಗಾಯ ಮಾಯಲು ನೆರವಾಗುವ ಪ್ರೋಟೀನನ್ನು ತಾನೇ ತಯಾರಿಸುವಂತೆ ಮಾರ್ಪಡಿಸಿದ ಲ್ಯಾಕ್ಟೊಬ್ಯಾಸಿಲಸ್‌ನಿಂದ ಗಾಯ ಬೇಗ ಮುಚ್ಚಿಕೊಂಡಿತೆಂದು ತೋರಿಸಿದರು, ಆದರೆ ಅದು ಇಲಿಗಳಲ್ಲಿ. ಆದ್ದರಿಂದ ಇದು ಭರವಸೆಯ ದಾರಿ ಎನ್ನಬಹುದೇ ಹೊರತು, ಇಂದು ಆ್ಯಂಟಿಬಯಾಟಿಕ್‌ನ ಜಾಗಕ್ಕೆ ತಂದು ಕೂರಿಸುವಂತಹ ಔಷಧ ಎನ್ನಲಾಗದು.

ಹಾಗೆಂದು ಮುಲಾಮಿನ ಪರವಾಗಿಯೂ ನಾನು ವಾದಿಸಲಾರೆ. 1996ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಚರ್ಮದ ಸಣ್ಣ ಶಸ್ತ್ರಕ್ರಿಯೆಯ ನಂತರ ಕೆಲವರಿಗೆ ಬ್ಯಾಸಿಟ್ರಾಸಿನ್ ಎಂಬ ಆ್ಯಂಟಿಬಯಾಟಿಕ್ ಮುಲಾಮನ್ನೂ ಕೆಲವರಿಗೆ ಬರಿಯ ಪೆಟ್ರೋಲಿಯಂ ಜೆಲ್ಲಿಯನ್ನೂ ಹಚ್ಚಿದಾಗ ಸೋಂಕಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಸಣ್ಣ, ಸ್ವಚ್ಛ ಗಾಯಕ್ಕೆ ಹರಿಯುವ ನೀರು, ಸೋಪು, ತೆಳುವಾಗಿ ಜೆಲ್ಲಿ ಮತ್ತು ಶುಭ್ರವಾದ ಪಟ್ಟಿ ಸಾಕು. ಹುಬ್ಬಳ್ಳಿಯಲ್ಲಿ ನಾನು ಕೆಲಸ ಮಾಡುವ ಡ್ರೆಸ್ಸಿಂಗ್ ಕೋಣೆಗೆ ಬರುವವರ ಚೀಲದಲ್ಲಿ ಬಾಲ ಸುರುಳಿ ಸುತ್ತಿದ ಹಳೆಯ ಟ್ಯೂಬೊಂದು ಇದ್ದೇ ಇರುತ್ತದೆ. ಹೆಸರು ಓದಿದರೆ ಎಷ್ಟೋ ಸಲ ಅದು ಆ್ಯಂಟಿಬಯಾಟಿಕ್ ಜೊತೆ ಸ್ಟೀರಾಯ್ಡ್ ಬೆರೆಸಿದ ತುರಿಕೆಯ ಮುಲಾಮು. ಸ್ಟೀರಾಯ್ಡ್ ಗಾಯ ಮಾಯುವುದನ್ನೇ ತಡಮಾಡುತ್ತದೆ. ಮೊನ್ನೆ ಒಬ್ಬ ಅಜ್ಜಿಯ ಹಿಮ್ಮಡಿಯ ಬಟ್ಟೆ ಬಿಚ್ಚಿದಾಗ, ಅರಿಷಿಣ ಒಣಗಿ ಹೆಂಚಿನ ಚೂರಿನಂತೆ ಗಟ್ಟಿಯಾಗಿತ್ತು. ನೀರು ಬಿಟ್ಟು ಬಿಟ್ಟು ಅದನ್ನು ಎಬ್ಬಿಸಿದ ಮೇಲೆ ಅಡಿಯಿಂದ ಕೀವು ಬಂತು. ನೋವಾಗಲಿಲ್ಲವೇ ಎಂದರೆ, "ಇಲ್ಲವ್ವಾ, ಏನೂ ಗೊತ್ತಾಗ್ಲಿಲ್ಲ" ಎಂದರು. ಅವರಿಗೂ ಸಕ್ಕರೆ ಕಾಯಿಲೆ.

ನಿಮ್ಮ ಅವ್ವನ ವಿಷಯದಲ್ಲಿ ನನಗೆ ಚಿಂತೆ ಇರುವುದು ಅಲ್ಲಿಯೇ. ಸಕ್ಕರೆ ಕಾಯಿಲೆಯಲ್ಲಿ ಪಾದದ ನರಗಳು ಜಡವಾಗಿ ನೋವು ತಿಳಿಯದೆ, ರಕ್ತ ಸಂಚಾರವೂ ಕುಂದಿ, ಸಣ್ಣ ಗಾಯವೂ ಒಳಗೊಳಗೆ ಇಳಿಯಬಹುದು. ಸೋಂಕು ಆಳಕ್ಕೆ ಹೋಗಿದ್ದರೆ ಮೇಲೆ ಹಚ್ಚುವುದು ಯಾವುದೂ ಸಾಲದು, ಆ್ಯಂಟಿಬಯಾಟಿಕ್‌ಗಳನ್ನು ಗುಳಿಗೆ ಇಲ್ಲವೇ ಇಂಜೆಕ್ಷನ್ ಆಗಿಯೇ ಕೊಡಬೇಕಾಗುತ್ತದೆ. ಇಂದೇ ವೈದ್ಯರಿಗೆ ತೋರಿಸಿ. ಮಣ್ಣು ತಾಗಿದ ಗಾಯವಾದ್ದರಿಂದ, ಧನುರ್ವಾಯು ಲಸಿಕೆ ಹಾಕಿಸಿ 5 ವರ್ಷ ದಾಟಿದ್ದರೆ ಅದನ್ನೂ ಕೇಳಿ. ಮನೆಗೆ ಬಂದ ಮೇಲೆ ಗಾಯದ ಸುತ್ತಲಿನ ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆಯಿರಿ. ಕೆಂಪು ಆ ಗೆರೆಯನ್ನು ದಾಟಿದರೆ, ಅವ್ವ ನೋವಿಲ್ಲ ಎಂದರೂ, ಮರುದಿನದವರೆಗೆ ಕಾಯದೆ ಮತ್ತೆ ಕರೆದುಕೊಂಡು ಹೋಗಿ.