ಸುಳ್ಳು ಕ್ಲಿಕ್ಕಿಗೆ ಹೋದ ಜಾಹೀರಾತು ದುಡ್ಡು ವಾಪಸ್ ಬರುತ್ತಾ?

ಆನ್‌ಲೈನ್ ಜಾಹೀರಾತಿನ ಪಾಠಗಳಲ್ಲಿ ಜಾಹೀರಾತು ಹಾಕುವುದು ಹೇಗೆ ಅಂತ ಎಲ್ಲರೂ ಹೇಳಿಕೊಡುತ್ತಾರೆ. ಹಾಕಿದ ದುಡ್ಡು ಸುಳ್ಳು ಕ್ಲಿಕ್ಕುಗಳಿಗೆ ಹರಿದುಹೋದರೆ ಯಾರನ್ನು ಕೇಳಬೇಕು, ಏನು ತೋರಿಸಬೇಕು ಅಂತ ಹೇಳುವವರು ಕಡಿಮೆ. ನಾನು ಓದಿ ಬರೆದಿಟ್ಟುಕೊಂಡದ್ದನ್ನು ನನ್ನ ಜೊತೆ ಕಲಿಯುತ್ತಿರುವವರಿಗಾಗಿ ಇಲ್ಲಿ ಬಿಡಿಸಿ ಇಡುತ್ತಿದ್ದೇನೆ. ಹೆಚ್ಚಿನ ಮಾತು ಗೂಗಲ್ ಆಡ್ಸ್ ಬಗ್ಗೆ, ಅಂದರೆ ಜಾಹೀರಾತನ್ನು ಯಾರಾದರೂ ಒತ್ತಿದಾಗ ಕ್ಲಿಕ್ಕಿಗೆ ಇಷ್ಟು ಅಂತ ದುಡ್ಡು ತೆಗೆದುಕೊಳ್ಳುವ ಗೂಗಲ್‌ನ ಜಾಹೀರಾತು ವ್ಯವಸ್ಥೆ. ಈ ವಿಷಯದಲ್ಲಿ ಎಲ್ಲರೂ ಓದಲೇಬೇಕಾದ ಮೊಕದ್ದಮೆ ನಡೆದದ್ದೂ ಗೂಗಲ್ ಮೇಲೆಯೇ.

ಮೊದಲು ಒಂದು ಸಣ್ಣ ಲೆಕ್ಕ. ನಿಮ್ಮ ದಿನದ ಬಜೆಟ್ 1000 ರೂಪಾಯಿ, ಒಂದು ಕ್ಲಿಕ್ಕಿಗೆ 25 ರೂಪಾಯಿ ಬೀಳುತ್ತದೆ ಅಂದುಕೊಳ್ಳಿ. ಅಂದರೆ ದಿನಕ್ಕೆ ಹೆಚ್ಚುಕಮ್ಮಿ 40 ಕ್ಲಿಕ್. ಬೆಳಿಗ್ಗೆ ಹತ್ತು ಗಂಟೆಯೊಳಗೆ ಯಾರೋ ಸುಮ್ನೆ ಕೂತು ಅಷ್ಟನ್ನೂ ಒತ್ತಿ ಮುಗಿಸಿದರೆ ಜಾಹೀರಾತು ಆ ದಿನಕ್ಕೆ ಮರೆಯಾಗಬಹುದು. ಆಗ ಸಂಜೆ ನಿಜವಾಗಿಯೂ ಹುಡುಕುತ್ತಾ ಬಂದ ಗಿರಾಕಿಗೆ ನೀವು ಕಾಣುವುದೇ ಇಲ್ಲ. ಇಲ್ಲಿ ಹೋದದ್ದು ಎರಡು: ಸಾವಿರ ರೂಪಾಯಿ, ಮತ್ತು ಸಂಜೆಯ ಗಿರಾಕಿ. ವಾಪಸ್ ಕೇಳಲು ಆಗುವುದು ಮೊದಲನೆಯದನ್ನು ಮಾತ್ರ. ಅದಕ್ಕೇ ತಡೆಯುವುದೂ ಮುಖ್ಯ, ಕೇಳುವುದೂ ಮುಖ್ಯ.

ಯಾರು ಒತ್ತುತ್ತಾರೆ? ಒಬ್ಬ, ನಿಮ್ಮ ಬಜೆಟ್ ಖಾಲಿಯಾಗಲಿ ಅಂತ ಕಾಯುವ ಪ್ರತಿಸ್ಪರ್ಧಿ. ಇನ್ನೊಬ್ಬ, ತನ್ನ ವೆಬ್‌ಸೈಟಿನಲ್ಲಿ ಅಥವಾ ಆ್ಯಪ್‌ನಲ್ಲಿ ಜಾಹೀರಾತಿಗೆ ಜಾಗ ಕೊಟ್ಟು ಅದರಿಂದ ಪಾಲು ಪಡೆಯುವವನು. ಕ್ಲಿಕ್ ಜಾಸ್ತಿಯಾದಷ್ಟೂ ಅವನ ಪಾಲು ಬೆಳೆಯುತ್ತದೆ. ಅವನು ಕೈಯಿಂದ ಒತ್ತಿಸಬಹುದು, ಬಾಟ್ (ಮನುಷ್ಯರಂತೆ ತಾನೇ ಒತ್ತುವ ಪ್ರೋಗ್ರಾಂ) ಬಿಟ್ಟು ಒತ್ತಿಸಬಹುದು. ಇವರಿಬ್ಬರ ಜೊತೆಗೆ ಯಾವ ಮೋಸವೂ ಇಲ್ಲದ ಕ್ಲಿಕ್ಕುಗಳೂ ಇವೆ. ಮೊಬೈಲ್ ಆಟದ ಮಧ್ಯೆ ಜಾಹೀರಾತು ಮುಚ್ಚಲು ಹೋಗಿ ಬೆರಳು ಜಾರಿದ್ದು ಅಂಥದ್ದು. ಗೂಗಲ್ ಇವೆಲ್ಲವನ್ನೂ ಸೇರಿಸಿ 'ಇನ್‌ವ್ಯಾಲಿಡ್ ಕ್ಲಿಕ್' ಅನ್ನುತ್ತದೆ, ಅಂದರೆ ಲೆಕ್ಕಕ್ಕೆ ಬಾರದ ಕ್ಲಿಕ್. ಈ ಪದವನ್ನು ಚೆನ್ನಾಗಿ ನೆನಪಿಡಿ. ದುಡ್ಡು ಕೇಳುವಾಗ ಒತ್ತಿದವನು ಮೋಸಗಾರ ಅಂತ ಸಾಬೀತು ಮಾಡುವ ಕೆಲಸ ನಿಮ್ಮದಲ್ಲ. ಆ ಕ್ಲಿಕ್ ಲೆಕ್ಕಕ್ಕೆ ಬರುವಂಥದ್ದಲ್ಲ ಅಂತ ತೋರಿಸಿದರೆ ಸಾಕು.

ಟೆಕ್ಸಾರ್ಕಾನಾದ ಮೊಕದ್ದಮೆ

ಅಮೆರಿಕದ ಆರ್ಕನ್ಸಾ ರಾಜ್ಯದಲ್ಲಿ ಟೆಕ್ಸಾರ್ಕಾನಾ ಅಂತ ಒಂದು ಊರು. ಅಲ್ಲಿನ ಲೇನ್ಸ್ ಗಿಫ್ಟ್ಸ್ ಅಂಡ್ ಕಲೆಕ್ಟಿಬಲ್ಸ್ ಅನ್ನುವ ವ್ಯಾಪಾರ ಸಂಸ್ಥೆ 2005ರಲ್ಲಿ ಗೂಗಲ್, ಯಾಹೂ ಮತ್ತು ಇನ್ನೂ ಕೆಲವು ಕಂಪನಿಗಳ ಮೇಲೆ ದಾವೆ ಹೂಡಿತು. ಅದರ ವಾದ ಸರಳ: ಸುಳ್ಳು ಕ್ಲಿಕ್ಕುಗಳಿಗೂ ನಮ್ಮಿಂದ ದುಡ್ಡು ಕಿತ್ತುಕೊಂಡಿದ್ದೀರಿ. ಇದು ಒಬ್ಬರ ದಾವೆಯಲ್ಲ, ಜಾಹೀರಾತು ಕೊಟ್ಟ ಎಲ್ಲರ ಪರವಾದ ಸಾಮೂಹಿಕ ದಾವೆ. 2006ರಲ್ಲಿ ಗೂಗಲ್ ರಾಜಿಗೆ ಬಂತು. ಮೊತ್ತ 9 ಕೋಟಿ ಡಾಲರ್, ಅದರಲ್ಲಿ ವಕೀಲರ ಪಾಲೇ 3 ಕೋಟಿ ಡಾಲರ್ ತನಕ. ಉಳಿದದ್ದು ಜಾಹೀರಾತುದಾರರಿಗೆ, ಅದೂ ನಗದಾಗಿ ಅಲ್ಲ. ಮುಂದೆ ಮತ್ತೆ ಗೂಗಲ್‌ನಲ್ಲೇ ಜಾಹೀರಾತು ಹಾಕಲು ಬಳಸಬಹುದಾದ ಕ್ರೆಡಿಟ್ ಆಗಿ.

9 ಕೋಟಿ ಡಾಲರ್ ಅಂದರೆ ದೊಡ್ಡದಾಗಿ ಕೇಳಿಸುತ್ತದೆ. ಆದರೆ 2005ರ ಒಂದೇ ವರ್ಷದಲ್ಲಿ ಗೂಗಲ್‌ನ ಆದಾಯ ಸುಮಾರು 610 ಕೋಟಿ ಡಾಲರ್ ಇತ್ತು. ಜಾಹೀರಾತುದಾರರಿಗೆ ಇಟ್ಟ 6 ಕೋಟಿ ಅದರ ನೂರರಲ್ಲಿ ಒಂದು ಭಾಗಕ್ಕಿಂತ ಕಡಿಮೆ. ಇದನ್ನು ಓದಿದಾಗ ನನಗೆ ನಿಜಕ್ಕೂ ಬೇಸರವಾಯಿತು. ಹಲವು ವರ್ಷಗಳ ದೂರು, ಕೈಗೆ ಬಂದದ್ದು ಇಷ್ಟು.

ಆದರೂ ಆ ಮೊಕದ್ದಮೆಯಿಂದ ಕಲಿಯುವವರಿಗೆ ಒಂದು ದೊಡ್ಡ ಲಾಭ ಆಯಿತು. ರಾಜಿಯ ಭಾಗವಾಗಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪ್ರೊಫೆಸರ್ ಅಲೆಕ್ಸಾಂಡರ್ ತುಝಿಲಿನ್ ಅವರು ಗೂಗಲ್ ಒಳಗೆ ಹೋಗಿ, ಅದು ಸುಳ್ಳು ಕ್ಲಿಕ್ಕುಗಳನ್ನು ಹೇಗೆ ಹಿಡಿಯುತ್ತದೆ ಅಂತ ನೋಡಿ ವರದಿ ಬರೆದರು. ಗೂಗಲ್‌ನ ಪ್ರಯತ್ನ ಸಮಂಜಸವಾಗಿದೆ ಅನ್ನುವುದು ಅವರ ತೀರ್ಮಾನ. ಅದಕ್ಕಿಂತ ನನಗೆ ಮುಖ್ಯ ಅನ್ನಿಸಿದ್ದು ಅವರು ಗುರುತಿಸಿದ ಇಕ್ಕಟ್ಟು. ಒಂದು ಕ್ಲಿಕ್ಕಿನ ಹಿಂದಿನ ಉದ್ದೇಶ ಏನು ಅಂತ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಕೆಲವು ನಿಯಮ ಮಾಡಿಕೊಂಡು ಸೋಸಬೇಕು. ಆ ನಿಯಮಗಳನ್ನು ಬಹಿರಂಗ ಮಾಡಿದರೆ ಮೋಸ ಮಾಡುವವರು ಅದರಿಂದ ನುಣುಚಿಕೊಳ್ಳುವ ದಾರಿ ಹುಡುಕುತ್ತಾರೆ. ಮುಚ್ಚಿಟ್ಟರೆ ದುಡ್ಡು ಕೊಟ್ಟವರಿಗೆ ತಮ್ಮ ಬಿಲ್ ಸರಿಯೋ ತಪ್ಪೋ ಪರೀಕ್ಷಿಸಲು ಆಗುವುದಿಲ್ಲ. ತಕ್ಕಡಿಯೂ ಅಂಗಡಿಯವರ ಕೈಯಲ್ಲಿ, ತೂಕದ ಬಟ್ಟುಗಳೂ ಅವರ ಕೈಯಲ್ಲಿ. ಇವತ್ತಿಗೂ ಪರಿಸ್ಥಿತಿ ಹಾಗೇ ಇದೆ ಅಲ್ವಾ?

ಅದೇ ವರದಿಯಲ್ಲಿ ಇನ್ನೊಂದು ಸಂಗತಿ. ಹಿಂದೆ ಯಾರಾದರೂ ಅಭ್ಯಾಸಬಲದಿಂದ ಜಾಹೀರಾತಿನ ಮೇಲೆ ಟಕಟಕ ಅಂತ ಎರಡು ಸಲ ಒತ್ತಿದರೆ ಗೂಗಲ್ ಎರಡಕ್ಕೂ ದುಡ್ಡು ಹಾಕುತ್ತಿತ್ತು. 2005ರಲ್ಲಿ ಅದನ್ನು ನಿಲ್ಲಿಸಿತು. ಒತ್ತಿದ ಬೆರಳು ಬದಲಾಗಲಿಲ್ಲ, ನಿಯಮ ಬದಲಾಯಿತು, ಆ ಎರಡನೆಯ ಕ್ಲಿಕ್ ಇನ್‌ವ್ಯಾಲಿಡ್ ಆಯಿತು.

ತಾನಾಗಿ ಬರುವುದು, ಕೇಳಿ ಪಡೆಯುವುದು

ಸೋಸುವ ಕೆಲಸ ಮೂರು ಹಂತದಲ್ಲಿ ನಡೆಯುತ್ತದೆ. ಕ್ಲಿಕ್ ಆದ ಕೂಡಲೇ ಯಂತ್ರ ಸೋಸುವುದು ಮೊದಲ ಹಂತ. ಇಲ್ಲಿ ಸಿಕ್ಕಿಬಿದ್ದ ಕ್ಲಿಕ್ಕಿಗೆ ನಿಮ್ಮಿಂದ ದುಡ್ಡೇ ಹೋಗುವುದಿಲ್ಲ. ಆಮೇಲೆ ನಿಧಾನವಾಗಿ ನಡೆಯುವ ವಿಶ್ಲೇಷಣೆ ಎರಡನೆಯದು. ಇಲ್ಲಿ ಸಿಕ್ಕಿದ್ದಕ್ಕೆ ಕ್ರೆಡಿಟ್ ಬರುತ್ತದೆ. ನೀವು ದೂರು ಕೊಟ್ಟ ಮೇಲೆ ನಡೆಯುವ ತನಿಖೆ ಮೂರನೆಯದು. 2007ರಲ್ಲಿ ಗೂಗಲ್ ಹೇಳಿದ ಪ್ರಕಾರ ಒಟ್ಟು ಕ್ಲಿಕ್ಕುಗಳಲ್ಲಿ ಸರಾಸರಿ ಶೇ. 10ಕ್ಕಿಂತ ಕಡಿಮೆ ಭಾಗ ಇನ್‌ವ್ಯಾಲಿಡ್. ದೂರಿನ ನಂತರ ಪತ್ತೆಯಾಗುವುದು ಶೇ. 0.02ಕ್ಕಿಂತಲೂ ಕಡಿಮೆ. ಗೂಗಲ್ ಇದನ್ನು ತನ್ನ ಸೋಸುವಿಕೆ ಚೆನ್ನಾಗಿದೆ ಅನ್ನುವುದಕ್ಕೆ ಗುರುತಾಗಿ ಹೇಳಿತು. ನನಗೆ ಇನ್ನೊಂದು ಅರ್ಥವೂ ಕಾಣುತ್ತದೆ: ಹೆಚ್ಚಿನವರು ದೂರು ಕೊಡುವುದೇ ಇಲ್ಲ, ಕೊಟ್ಟರೂ ಸಾಕ್ಷಿ ಇಟ್ಟುಕೊಂಡಿರುವುದಿಲ್ಲ.

ಹಾಗಾಗಿ ದೂರು ಕೊಡುವ ಮೊದಲು ಈಗಾಗಲೇ ಏನು ವಾಪಸ್ ಬಂದಿದೆ ನೋಡಿ. ಗೂಗಲ್ ಆಡ್ಸ್ ಖಾತೆಯ ಕ್ಯಾಂಪೇನ್ (ಜಾಹೀರಾತು ಅಭಿಯಾನ) ಪಟ್ಟಿಯಲ್ಲಿ 'ಇನ್‌ವ್ಯಾಲಿಡ್ ಕ್ಲಿಕ್ಸ್' ಅನ್ನುವ ಕಾಲಮ್ ತಾನಾಗಿ ಕಾಣದಿದ್ದರೆ ಸೇರಿಸಿಕೊಳ್ಳಬೇಕು. ಬಿಲ್ಲಿಂಗ್ ಭಾಗದ ವಹಿವಾಟುಗಳಲ್ಲಿ 'ಇನ್‌ವ್ಯಾಲಿಡ್ ಆ್ಯಕ್ಟಿವಿಟಿ' ಅಂತ ಸಾಲು ಇದ್ದರೆ ಅದು ಆಮೇಲೆ ಬಂದ ಕ್ರೆಡಿಟ್. ಇವೆರಡನ್ನೂ ನೋಡದೆ ಬರೆದ ದೂರು ಅರ್ಧಕ್ಕೇ ಬಿದ್ದುಹೋಗುತ್ತದೆ.

ಸಾಕ್ಷಿ ಎಲ್ಲಿದೆ

ಸಾಕ್ಷಿ ನಿಮ್ಮ ವೆಬ್‌ಸೈಟಿನ ಸರ್ವರ್ ಲಾಗ್‌ನಲ್ಲಿದೆ. ಪ್ರತಿ ಭೇಟಿಗೆ ಅಲ್ಲಿ ಒಂದು ಸಾಲು ಬೀಳುತ್ತದೆ: ಸಮಯ, ಐಪಿ ವಿಳಾಸ (ಬಂದವರ ಇಂಟರ್ನೆಟ್ ಸಂಪರ್ಕದ ನಂಬರ್), ತೆರೆದ ಪುಟ, ಬ್ರೌಸರ್ ಯಾವುದು ಅನ್ನುವ ವಿವರ. ಗೂಗಲ್ ಆಡ್ಸ್‌ನಲ್ಲಿ ಆಟೋ ಟ್ಯಾಗಿಂಗ್ ಆನ್ ಇದ್ದರೆ ಪುಟದ ವಿಳಾಸದ ಬಾಲಕ್ಕೆ 'ಜಿಸಿಎಲ್‌ಐಡಿ' (gclid) ಅನ್ನುವ ಉದ್ದನೆಯ ಸಂಕೇತ ಅಂಟಿಕೊಂಡಿರುತ್ತದೆ. ಒಂದು ಕ್ಲಿಕ್ಕಿಗೆ ಒಂದು ಸಂಕೇತ. ಬಸ್ ಟಿಕೆಟ್ಟಿನ ನಂಬರ್ ಇದ್ದ ಹಾಗೆ.

ಇಲ್ಲಿ ಹೊಸಬರು ಎಡವುತ್ತಾರೆ. ಲಾಗ್‌ನಲ್ಲಿ ಒಂದೇ ಐಪಿಯಿಂದ ಹತ್ತು ಸಾಲು ಕಂಡರೆ ಹತ್ತು ಕ್ಲಿಕ್ ಆಯಿತು ಅಂತ ಎಣಿಸುತ್ತಾರೆ. ಹತ್ತರಲ್ಲೂ ಅದೇ ಜಿಸಿಎಲ್‌ಐಡಿ ಇದ್ದರೆ ಅದು ಒಂದೇ ಕ್ಲಿಕ್. ಬಂದವರು ಪುಟವನ್ನು ರೀಲೋಡ್ ಮಾಡಿರಬಹುದು, ಒಳಗಿನ ಪುಟಕ್ಕೆ ಹೋಗಿ ಬ್ಯಾಕ್ ಒತ್ತಿರಬಹುದು. 2006ರ ಆಗಸ್ಟ್‌ನಲ್ಲಿ ಗೂಗಲ್ ಇದೇ ತಪ್ಪಿನ ಮೇಲೆ ಒಂದು ವರದಿ ಹೊರಡಿಸಿತು. ಕ್ಲಿಕ್ ಮೋಸ ಪತ್ತೆ ಮಾಡುತ್ತೇವೆ ಅನ್ನುವ ಕೆಲವು ಖಾಸಗಿ ಸಂಸ್ಥೆಗಳೇ ಹೀಗೆ ಇಲ್ಲದ ಕ್ಲಿಕ್ಕುಗಳನ್ನು ಎಣಿಸಿದ್ದವು. ಆದ್ದರಿಂದ ಮೊದಲು ಬೇರೆ ಬೇರೆ ಜಿಸಿಎಲ್‌ಐಡಿ ಎಷ್ಟಿವೆ ಎಣಿಸಿ. ಆ ಸಂಖ್ಯೆಯೇ ನಿಮ್ಮ ನಿಜವಾದ ಲೆಕ್ಕ.

ಎರಡನೆಯ ಎಡವು ಐಪಿಯದ್ದು, ನಮ್ಮ ದೇಶದಲ್ಲಿ ಇದು ಇನ್ನೂ ಜಾಸ್ತಿ. ಇಲ್ಲಿ ಬಹುತೇಕರು ಮೊಬೈಲ್ ಡೇಟಾದಲ್ಲೇ ಇಂಟರ್ನೆಟ್ ಬಳಸುತ್ತಾರೆ. ಮೊಬೈಲ್ ಕಂಪನಿಗಳು ಒಂದೇ ಹಳೆಯ ಮಾದರಿಯ ಐಪಿಯನ್ನು ತುಂಬಾ ಗ್ರಾಹಕರಿಗೆ ಹಂಚುತ್ತವೆ. ಒಂದು ವಠಾರದ ಎಲ್ಲಾ ಮನೆಗಳಿಗೂ ಒಂದೇ ಬಾಗಿಲ ನಂಬರ್ ಕೊಟ್ಟ ಹಾಗೆ. ಹಾಗಾಗಿ ಒಂದೇ ಐಪಿಯಿಂದ ಐದು ಕ್ಲಿಕ್ ಬಂದರೆ ಅವರು ಐದು ಬೇರೆ ಬೇರೆ ಜನ ಆಗಿರಬಹುದು. ಕೋಪದಲ್ಲಿ ಆ ಐಪಿಯನ್ನು ಬ್ಲಾಕ್ ಮಾಡಿದರೆ ಒಳ್ಳೆಯ ಗಿರಾಕಿಗಳಿಗೂ ಬಾಗಿಲು ಹಾಕಿದಂತೆ. ಐಪಿ ಜೊತೆಗೆ ಬ್ರೌಸರ್ ವಿವರವೂ ಒಂದೇ, ಕ್ಲಿಕ್ಕುಗಳ ನಡುವಿನ ಅಂತರವೂ ಒಂದೇ ರೀತಿ, ಬಂದವರು ಒಂದು ಕ್ಷಣವೂ ನಿಲ್ಲದೆ ಹೋಗಿದ್ದಾರೆ, ಹೊತ್ತು ರಾತ್ರಿ ಮೂರು ಗಂಟೆ: ಇಷ್ಟೆಲ್ಲ ಕೂಡಿಬಂದರೆ ಆಗ ಅನುಮಾನಕ್ಕೆ ಬಲ ಬರುತ್ತದೆ. ಡೇಟಾ ಸೆಂಟರಿನ, ಅಂದರೆ ಸರ್ವರ್‌ಗಳನ್ನೇ ತುಂಬಿಟ್ಟ ಜಾಗದ ಐಪಿಯಿಂದ ಬಂದಿದ್ದರೆ ಇನ್ನೂ ಗಟ್ಟಿ. ಸೋಪು ಕೊಳ್ಳುವ ಗಿರಾಕಿ ಸರ್ವರ್ ಕೋಣೆಯಲ್ಲಿ ಕೂತು ಹುಡುಕುವುದಿಲ್ಲ.

ದೂರು ಬರೆಯುವುದು

ಗೂಗಲ್‌ನ ಸಹಾಯ ಪುಟಗಳಲ್ಲಿ ಇನ್‌ವ್ಯಾಲಿಡ್ ಕ್ಲಿಕ್ ತನಿಖೆಗೆ ಅಂತಲೇ ಒಂದು ಫಾರ್ಮ್ ಇದೆ. ಯಾವ ಕ್ಯಾಂಪೇನ್, ಯಾವ ಕೀವರ್ಡ್ (ಜಾಹೀರಾತು ಕಾಣಲಿ ಅಂತ ನೀವು ಆರಿಸಿದ ಹುಡುಕು ಪದ), ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಅಂತ ಕಿರಿದು ಮಾಡಿ ಹೇಳಿ. 'ನಮ್ಮ ದುಡ್ಡೆಲ್ಲಾ ಹೋಯಿತು' ಅಂತ ಬರೆದರೆ ಓದುವವರಿಗೆ ಹುಡುಕಲು ಏನೂ ಸಿಗುವುದಿಲ್ಲ. 'ಈ ತಿಂಗಳ 4ರಂದು ಬೆಳಗಿನ ಜಾವ 2ರಿಂದ 4ರೊಳಗೆ, ಈ ಕೀವರ್ಡ್‌ಗೆ 31 ಕ್ಲಿಕ್, 31 ಬೇರೆ ಬೇರೆ ಜಿಸಿಎಲ್‌ಐಡಿ, ಬ್ರೌಸರ್ ವಿವರ ಎಲ್ಲದರಲ್ಲೂ ಒಂದೇ, ಗಿರಾಕಿಗಳು ವಿಚಾರಿಸಿದ ಕರೆ ಒಂದೂ ಇಲ್ಲ' ಅಂತ ಬರೆದು ಲಾಗ್‌ನ ಆ ಸಾಲುಗಳನ್ನು ಜೋಡಿಸಿದರೆ ಅವರು ತಮ್ಮ ದಾಖಲೆ ಜೊತೆ ಹೊಂದಿಸಿ ನೋಡಬಹುದು. ಗೂಗಲ್‌ನ ಕರಾರಿನ ಪ್ರಕಾರ ಶುಲ್ಕ ಬಿದ್ದ 60 ದಿನದೊಳಗೆ ತಕರಾರು ಎತ್ತಬೇಕು. ಲೇನ್ಸ್ ಗಿಫ್ಟ್ಸ್ ರಾಜಿಯಲ್ಲಿ ಹಳೆಯ ವರ್ಷಗಳಿಗೂ ಕೇಳಲು ಬಿಟ್ಟದ್ದು ಒಂದು ವಿನಾಯಿತಿ, ಅದು ಮುಗಿದ ಕಥೆ.

ಎಲ್ಲ ಕೆಟ್ಟ ಕ್ಲಿಕ್ಕುಗಳೂ ಇನ್‌ವ್ಯಾಲಿಡ್ ಅಲ್ಲ ಅನ್ನುವುದೂ ಗೊತ್ತಿರಲಿ. ಲೊಕೇಷನ್ ಸೆಟ್ಟಿಂಗ್‌ನಲ್ಲಿ 'ಆ ಊರಿನಲ್ಲಿ ಇರುವವರು' ಅಂತ ಆರಿಸದೆ 'ಆ ಊರಿನ ಬಗ್ಗೆ ಆಸಕ್ತಿ ಇರುವವರು' ಕೂಡ ಸೇರಿದ್ದರೆ ದೂರದ ಊರಿನ ಕ್ಲಿಕ್ಕುಗಳು ಬರುತ್ತವೆ. ಅವು ನಿಜವಾದ ಜನರವು. ಅದಕ್ಕೆ ಯಾರೂ ದುಡ್ಡು ವಾಪಸ್ ಕೊಡುವುದಿಲ್ಲ. ಕೋಪ ಬಂದು ಬ್ಯಾಂಕಿನ ಮೂಲಕ ಕಾರ್ಡ್ ಪಾವತಿಯನ್ನೇ ಹಿಂದಕ್ಕೆ ಎಳೆಯಲು ಹೋದರೆ ಜಾಹೀರಾತು ಖಾತೆಯೇ ಅಮಾನತಾಗುವ ಅಪಾಯ ಇದೆ.

ಕಂಪನಿ ತಾನಾಗಿ ಎಲ್ಲರಿಗೂ ವಾಪಸ್ ಕೊಟ್ಟ ಉದಾಹರಣೆಯೂ ಇದೆ. ಹಾಂಗ್‌ಕಾಂಗ್‌ನ ಲಯನ್‌ಮೊಬಿ ಮತ್ತು ಸಿಂಗಪುರದ ಜೆಡಿಮೊಬಿ ಅನ್ನುವ ಎರಡು ಕಂಪನಿಗಳ ಆ್ಯಪ್‌ಗಳು ಜನರ ಫೋನಿಗೆ ಮಾಲ್‌ವೇರ್ (ಕೇಡು ಮಾಡುವ ಪ್ರೋಗ್ರಾಂ) ಸೇರಿಸಿ, ಅವರಿಗೆ ಗೊತ್ತಿಲ್ಲದಂತೆ ಜಾಹೀರಾತು ಒತ್ತಿದ ಹಾಗೆ ತೋರಿಸುತ್ತಿದ್ದವು ಅಂತ ಫೇಸ್‌ಬುಕ್ ಆರೋಪಿಸಿತು. 2019ರ ಮಾರ್ಚ್‌ನಲ್ಲಿ ಜಾಹೀರಾತುದಾರರಿಗೆ ದುಡ್ಡು ಹಿಂತಿರುಗಿಸಿ, ಆಗಸ್ಟ್‌ನಲ್ಲಿ ಆ ಕಂಪನಿಗಳ ಮೇಲೆ ದಾವೆ ಹೂಡಿತು. ಅಲ್ಲಿ ಜಾಹೀರಾತುದಾರರು ಲಾಗ್ ತೋರಿಸಬೇಕಾಗಿ ಬರಲಿಲ್ಲ. ಅಂಥ ದೊಡ್ಡ ಜಾಲ ಸಿಕ್ಕಿಬೀಳುವುದು ಅಪರೂಪ.

ಕೊನೆಯದಾಗಿ ಲಾಗ್ ಬಗ್ಗೆಯೇ ಒಂದು ಮಾತು. ಕಡಿಮೆ ದರದ ಹೋಸ್ಟಿಂಗ್ (ವೆಬ್‌ಸೈಟಿಗೆ ಸರ್ವರ್‌ನಲ್ಲಿ ಜಾಗ ಕೊಡುವ ಸೇವೆ) ಪ್ಲಾನುಗಳಲ್ಲಿ ಹಳೆಯ ಲಾಗ್ ಫೈಲ್‌ಗಳು ಕೆಲವೇ ದಿನಗಳಲ್ಲಿ ಅಳಿಸಿಹೋಗುವುದುಂಟು. 60 ದಿನದ ಗಡುವು ಇನ್ನೂ ಬಾಕಿ ಇರುತ್ತದೆ, ತೋರಿಸಲು ಸಾಲೇ ಇರುವುದಿಲ್ಲ. ಇವತ್ತೇ ನಿಮ್ಮ ಹೋಸ್ಟಿಂಗ್ ಕಂಟ್ರೋಲ್ ಪ್ಯಾನೆಲ್ ತೆರೆದು ಎಷ್ಟು ದಿನದ ಲಾಗ್ ಉಳಿಯುತ್ತದೆ ನೋಡಿ. ಒಂದೇ ವಾರ ಅಂತ ಇದ್ದರೆ ಪ್ರತಿ ಸೋಮವಾರ ಡೌನ್‌ಲೋಡ್ ಮಾಡಿ, ದಿನಾಂಕ ಬರೆದು ಒಂದು ಫೋಲ್ಡರಿನಲ್ಲಿ ಇಟ್ಟುಕೊಳ್ಳಿ.